ಹಿಮದೂರಿಗೆ ಮರಳಿ ಬಂದ ರೈಲು

2017ರ ಜನವರಿ 7, ಶನಿವಾರ. ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್‌ನ ಯೂನಿಯನ್ ಸ್ಟೇಷನ್ನಿನಿಂದ ಬೆಳಿಗ್ಗೆ 7 ಗಂಟೆಗೆ ಒಂದು ರೈಲು ಹೊರಟಿತು. ಅದು ದೂರದೂರಿನ ರೈಲಲ್ಲ. ಹತ್ತಿದವರು ಹೊತ್ತು ತಂದದ್ದು ಹಿಮದ ಇಳಿಜಾರಿನಲ್ಲಿ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗಳನ್ನು, ದಪ್ಪ ಬೂಟುಗಳನ್ನು, ಕೈಗವಸುಗಳನ್ನು. ಸುಮಾರು 90 ಕಿ.ಮೀ. ದೂರವನ್ನು ಎರಡು ತಾಸಿನಲ್ಲಿ ಕ್ರಮಿಸುವ ಈ ರೈಲು, ರಾಕಿ ಪರ್ವತಗಳ ಆಚೆ ಬದಿಯಲ್ಲಿರುವ ವಿಂಟರ್ ಪಾರ್ಕ್ ಎಂಬ ಸ್ಕೀಯಿಂಗ್ ತಾಣದಲ್ಲಿ ಅವರನ್ನು ಇಳಿಸಿ, ಸಂಜೆ ಮತ್ತೆ ಊರಿಗೆ ಕರೆತರುತ್ತದೆ.

ಇದು ಹೊಸ ರೈಲೇನೂ ಅಲ್ಲ. 1940ರಿಂದ ಚಳಿಗಾಲ ಬಂತೆಂದರೆ ಡೆನ್ವರ್‌ನ ಜನರನ್ನು ಹಿಮಕ್ಕೆ ಒಯ್ಯುತ್ತಿದ್ದ ‘ಸ್ಕೀ ಟ್ರೇನ್’ 2009ರ ಮಾರ್ಚ್ 29ರಂದು ಕೊನೆಯ ಬಾರಿಗೆ ಓಡಿ ನಿಂತುಹೋಗಿತ್ತು. ಸುಮಾರು ಎಂಟು ವರ್ಷಗಳ ನಂತರ ಅದು ‘ವಿಂಟರ್ ಪಾರ್ಕ್ ಎಕ್ಸ್‌ಪ್ರೆಸ್’ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂತು.

ಹತ್ತುವವರಿಲ್ಲದೆ ರೈಲು ನಿಲ್ಲುವುದು ಎಲ್ಲ ದೇಶಗಳಲ್ಲೂ ಕಂಡ ಕಥೆ. ಆದರೆ ಈ ರೈಲು ಜನರಿದ್ದೂ ನಿಂತಿತು. ಏಕೆ ನಿಂತಿತು, ಹೇಗೆ ಮರಳಿತು ಎಂದು ತಿಳಿಯಬೇಕಾದರೆ ಅದು ನುಸುಳಿ ಹೋಗುವ ಒಂದು ಸುರಂಗದ ಕಥೆಯನ್ನು ಮೊದಲು ತಿಳಿಯಬೇಕು.

ಬ್ಯಾಂಕರನ ಹಟ

1869ರಲ್ಲಿ ಅಮೆರಿಕದ ಪೂರ್ವ–ಪಶ್ಚಿಮಗಳನ್ನು ಬೆಸೆದ ಮೊದಲ ರೈಲುಮಾರ್ಗ ಡೆನ್ವರ್ ನಗರವನ್ನು ಪಕ್ಕಕ್ಕೆ ಬಿಟ್ಟು, ಉತ್ತರದ ವಯೋಮಿಂಗ್ ಮೂಲಕ ಹಾದುಹೋಯಿತು. ಕಾರಣ ಸ್ಪಷ್ಟ. ಡೆನ್ವರ್‌ನ ಪಶ್ಚಿಮಕ್ಕೆ ರಾಕಿ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಆ ಗೋಡೆಯನ್ನು ದಾಟದೆ ತಮ್ಮ ಊರಿಗೆ ಭವಿಷ್ಯವಿಲ್ಲ ಎಂದು ನಂಬಿದ್ದವರಲ್ಲಿ ಡೇವಿಡ್ ಮೊಫಾಟ್ ಎಂಬ ಬ್ಯಾಂಕರ್ ಪ್ರಮುಖ.

1902ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಆತ ಪರ್ವತ ದಾಟುವ ರೈಲುಮಾರ್ಗಕ್ಕಾಗಿ ಕಂಪನಿಯೊಂದನ್ನು ಕಟ್ಟಿದ. ಬೆಟ್ಟದ ಬುಡದಲ್ಲಿ ಸುರಂಗ ಕೊರೆಯುವುದು ಮೂಲ ಉದ್ದೇಶ. ಅಷ್ಟು ಹಣ ಇರಲಿಲ್ಲ. ಸುರಂಗ ಆಗುವವರೆಗಿನ ತಾತ್ಕಾಲಿಕ ಏರ್ಪಾಡೆಂದು ಹಳಿಯನ್ನು 11,600 ಅಡಿಗೂ ಎತ್ತರದ ರಾಲಿನ್ಸ್ ಕಣಿವೆದಾರಿಯ ನೆತ್ತಿಯ ಮೇಲೆಯೇ ಹಾಯಿಸಲಾಯಿತು. ನೂರು ಅಡಿ ಮುಂದೆ ಹೋದರೆ ನಾಲ್ಕು ಅಡಿ ಮೇಲೇರುವಂಥ ಕಡಿದಾದ ಏರು. ಚಳಿಗಾಲದಲ್ಲಿ ಹಿಮಪಾತಕ್ಕೆ ಸಿಕ್ಕಿ ರೈಲುಗಳು ದಿನಗಟ್ಟಲೆ ನಿಂತುಬಿಡುತ್ತಿದ್ದವು. ಸಂಪಾದನೆಯ ದೊಡ್ಡ ಪಾಲು ಹಳಿಯ ಮೇಲಿನ ಹಿಮ ತೆಗೆಯುವುದಕ್ಕೇ ಖರ್ಚಾಗುತ್ತಿತ್ತು.

ಮೊಫಾಟ್ ತನ್ನ ಆಸ್ತಿಯನ್ನೆಲ್ಲ ಈ ಹಳಿಗೆ ಸುರಿದ. 1911ರಲ್ಲಿ ಇನ್ನಷ್ಟು ಹಣ ಹೊಂದಿಸಲು ನ್ಯೂಯಾರ್ಕಿಗೆ ಹೋದವನು ಅಲ್ಲಿಯೇ ತೀರಿಕೊಂಡ. 1913ರಲ್ಲಿ ಆ ಮಾರ್ಗ ಕೊಲರಾಡೊದ ವಾಯವ್ಯ ಮೂಲೆಯ ಕ್ರೇಗ್ ಎಂಬ ಊರನ್ನು ಮುಟ್ಟಿ ನಿಂತಿತು. ಗುರಿಯಾಗಿದ್ದ ಸಾಲ್ಟ್ ಲೇಕ್ ಸಿಟಿಯನ್ನು ಅದು ಎಂದೂ ತಲುಪಲಿಲ್ಲ.

ನೆರೆ ತಂದ ಸುರಂಗ

ಖಾಸಗಿ ಹಣದಿಂದ ಆಗದ ಸುರಂಗವನ್ನು ಸಾರ್ವಜನಿಕ ಹಣದಿಂದ ಮಾಡಿಸಬೇಕೆಂದು ಡೆನ್ವರ್‌ನ ಮುಖಂಡರು ಹಲವು ವರ್ಷ ಹೆಣಗಾಡಿದರು. ರಾಜ್ಯದ ದಕ್ಷಿಣ ಭಾಗದ ಪ್ಯುಬ್ಲೊ ನಗರದ ವಿರೋಧ ಅವರಿಗೆ ಅಡ್ಡಿಯಾಗಿತ್ತು. ಪರ್ವತದ ಆಚೆಗಿನ ಹೆಚ್ಚಿನ ರೈಲುಗಳು ಆಗ ಪ್ಯುಬ್ಲೊ ಮೂಲಕ ಹೋಗುತ್ತಿದ್ದವು. ಡೆನ್ವರ್‌ಗೆ ನೇರ ದಾರಿಯಾದರೆ ತಮ್ಮ ಊರಿನ ಗತಿ ಏನು ಎಂಬುದು ಅಲ್ಲಿನವರ ಚಿಂತೆ.

1921ರ ಜೂನ್ 3ರಂದು ಅರ್ಕಾನ್ಸಾ ನದಿ ಉಕ್ಕಿ ಪ್ಯುಬ್ಲೊ ನಗರದೊಳಗೆ ನುಗ್ಗಿತು. ಅನೇಕರು ಪ್ರಾಣ ಕಳೆದುಕೊಂಡರು, ಪೇಟೆ ಕೊಚ್ಚಿಹೋಯಿತು. ನೆರೆ ತಡೆಯುವ ಕಾಮಗಾರಿಗೆ ರಾಜ್ಯದ ಕಾನೂನಿನ ನೆರವು ಬೇಕಾಯಿತು. 1922ರಲ್ಲಿ ಶಾಸನಸಭೆಯ ವಿಶೇಷ ಅಧಿವೇಶನ ಸೇರಿದಾಗ ಲೆಕ್ಕಾಚಾರ ತಾನಾಗಿಯೇ ಕುದುರಿತು. ಪ್ಯುಬ್ಲೊಗೆ ನೆರೆ ನಿಯಂತ್ರಣ ಯೋಜನೆ, ಡೆನ್ವರ್‌ಗೆ ಸುರಂಗ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬೇಡಿಕೆಗಳು ಒಂದೇ ಕೊಡುಕೊಳ್ಳುವಿಕೆಯಲ್ಲಿ ಪಾಸಾದವು.

ಸುರಂಗದಿಂದ ಲಾಭವಾಗುವ ಪ್ರದೇಶಗಳನ್ನೆಲ್ಲ ಸೇರಿಸಿ ‘ಮೊಫಾಟ್ ಸುರಂಗ ಅಭಿವೃದ್ಧಿ ಜಿಲ್ಲೆ’ಯನ್ನು ರಚಿಸಲಾಯಿತು. ಸಾಲಪತ್ರಗಳನ್ನು ಮಾರಿ ಹಣ ಎತ್ತುವುದು, ಅದಕ್ಕೆ ಅಲ್ಲಿನ ಜನರ ಆಸ್ತಿ ತೆರಿಗೆಯ ಭದ್ರತೆ ಒದಗಿಸುವುದು, ಸುರಂಗವನ್ನು ರೈಲ್ವೆ ಕಂಪನಿಗೆ ಬಾಡಿಗೆಗೆ ಕೊಡುವುದು. ವ್ಯವಸ್ಥೆ ಇದು. ಅಂದರೆ ಸುರಂಗದ ಒಡೆಯ ರೈಲ್ವೆ ಕಂಪನಿಯಲ್ಲ, ಸಾರ್ವಜನಿಕರು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1923ರಲ್ಲಿ ಕೆಲಸ ಆರಂಭವಾಯಿತು. ಪಶ್ಚಿಮ ಬದಿಯಲ್ಲಿ ಗಟ್ಟಿ ಬಂಡೆಯ ಬದಲು ಉದುರುವ ಕಲ್ಲು ಸಿಕ್ಕಿ, ಮೇಲ್ಛಾವಣಿ ಕುಸಿಯತೊಡಗಿತು. ಮೊದಲು ಎತ್ತಿದ ಸಾಲ 67 ಲಕ್ಷ ಡಾಲರ್; ಕೆಲಸ ಮುಗಿಯುವಷ್ಟರಲ್ಲಿ ವೆಚ್ಚ ಅದರ ಎರಡು ಪಟ್ಟನ್ನೂ ಮೀರಿತ್ತು. ದುಡಿದವರಲ್ಲಿ 28 ಮಂದಿ ಸತ್ತರು. 1927ರ ಫೆಬ್ರವರಿಯಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ವಾಷಿಂಗ್ಟನ್ನಿನಲ್ಲಿ ಕುಳಿತು ತಂತಿಯ ಗುಂಡಿ ಒತ್ತಿದಾಗ, ಎರಡೂ ಕಡೆಯಿಂದ ಕೊರೆದು ಬಂದವರ ನಡುವೆ ಉಳಿದಿದ್ದ ಕೊನೆಯ ಬಂಡೆ ಸಿಡಿಯಿತು. 1928ರ ಫೆಬ್ರವರಿ 26ರಂದು ಸುರಂಗದಲ್ಲಿ ಅಧಿಕೃತವಾಗಿ ಮೊದಲ ರೈಲು ಓಡಿತು. ಉದ್ದ 6.2 ಮೈಲಿ, ಎಂದರೆ ಸುಮಾರು 10 ಕಿ.ಮೀ. ಹಳೆಯ ದಾರಿಗಿಂತ ಸುಮಾರು 2,400 ಅಡಿಗಳಷ್ಟು ಏರು ಉಳಿಯಿತು.

ಆದರೆ ಆಚೆ ಬದಿಯ ಹಳಿ ಕ್ರೇಗ್‌ನಲ್ಲೇ ಮುಗಿಯುತ್ತಿತ್ತಲ್ಲ! ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವ ಗಾದೆ ಕೆಲವು ಕಾಲ ಸುರಂಗಕ್ಕೆ ಸರಿಯಾಗಿ ಹೊಂದುತ್ತಿತ್ತು. 1934ರಲ್ಲಿ ಡಾಟ್‌ಸೆರೊ ಎಂಬಲ್ಲಿಗೆ ಕೂಡುಹಳಿ ಹಾಕಿ ಪಶ್ಚಿಮದ ಮುಖ್ಯಮಾರ್ಗಕ್ಕೆ ಸೇರಿಸಿದ ಮೇಲೆಯೇ ಡೆನ್ವರ್‌ನ ಕನಸು ಕೈಗೂಡಿದ್ದು. ಮುಖ್ಯ ಸುರಂಗದ ಪಕ್ಕದಲ್ಲಿ ಕೊರೆದಿದ್ದ ಕಿರುಸುರಂಗವೂ ವ್ಯರ್ಥವಾಗಲಿಲ್ಲ. 1936ರಿಂದ ಅದು ಪರ್ವತದಾಚೆಯ ನೀರನ್ನು ಡೆನ್ವರ್ ನಗರಕ್ಕೆ ತರುತ್ತಿದೆ.

ಸುರಂಗದ ಬಾಯಲ್ಲಿ ಹುಟ್ಟಿದ ಊರು

ಸುರಂಗದ ಪಶ್ಚಿಮದ ಬಾಯಿಯ ಬಳಿ ಕೆಲಸಗಾರರಿಗಾಗಿ ಕಟ್ಟಿದ್ದ ಮನೆಗಳು ಖಾಲಿ ಉಳಿದಿದ್ದವು. 1930ರ ದಶಕದಲ್ಲಿ ಡೆನ್ವರ್‌ನ ಕೆಲವು ಉತ್ಸಾಹಿಗಳು ರೈಲಿನಲ್ಲಿ ಬಂದು ಅಲ್ಲಿಳಿದು, ಆ ಮನೆಗಳಲ್ಲಿ ತಂಗಿ, ಸುತ್ತಲಿನ ಇಳಿಜಾರುಗಳಲ್ಲಿ ಸ್ಕೀಯಿಂಗ್ ಮಾಡತೊಡಗಿದರು. 1936ರಲ್ಲಿ ಇನ್ನೂ ಮುಂದಿನ ಹಾಟ್ ಸಲ್ಫರ್ ಸ್ಪ್ರಿಂಗ್ಸ್ ಊರಿನ ಚಳಿಗಾಲದ ಜಾತ್ರೆಗೆ ಡೆನ್ವರ್‌ನಿಂದ ವಿಶೇಷ ‘ಹಿಮ ರೈಲು’ ಓಡಿತು.

ಇದರಲ್ಲೊಂದು ಸಾಧ್ಯತೆ ಕಂಡವರು ಡೆನ್ವರ್ ನಗರದ ಉದ್ಯಾನಗಳ ಮುಖ್ಯಸ್ಥರಾಗಿದ್ದ ಜಾರ್ಜ್ ಕ್ರಾನ್ಮರ್. ಸಿರಿವಂತರು ದೂರದ ತಾಣಗಳಿಗೆ ಹೋಗುತ್ತಾರೆ, ನಗರದ ಸಾಮಾನ್ಯ ಜನಕ್ಕೂ ಹಿಮದಲ್ಲಿ ಆಡಲು ಜಾಗ ಬೇಡವೇ? ಬೇಸಿಗೆಗೆ ಉದ್ಯಾನವಿರುವಂತೆ ಚಳಿಗಾಲಕ್ಕೂ ನಗರದ್ದೇ ಒಂದು ಉದ್ಯಾನ. ಹೀಗೆ 1940ರ ಜನವರಿಯಲ್ಲಿ ‘ವಿಂಟರ್ ಪಾರ್ಕ್’ ತೆರೆಯಿತು. ಹೆಸರೇ ಹೇಳುವಂತೆ ಅದು ಚಳಿಗಾಲದ ಪಾರ್ಕು, ಡೆನ್ವರ್ ನಗರದ ಆಸ್ತಿ.

ಆ ವರ್ಷದಿಂದಲೇ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲ್ವೆಯ ಸ್ಕೀ ಟ್ರೇನ್ ಕೂಡ ನೆಲೆಯೂರಿತು. ‘ಎಸ್ಕಿಮೊ ಸ್ಕೀ ಕ್ಲಬ್’ ಎಂಬ ಸಂಘ ಶಾಲಾಮಕ್ಕಳನ್ನು ಗುಂಪುಗುಂಪಾಗಿ ಈ ರೈಲಿನಲ್ಲಿ ಕರೆದೊಯ್ಯುತ್ತಿತ್ತು. ಡೆನ್ವರ್‌ನ ಎಷ್ಟೋ ಮಕ್ಕಳಿಗೆ ಸ್ಕೀಯಿಂಗ್ ಎಂದರೆ ಮೊದಲು ರೈಲು, ಆಮೇಲೆ ಹಿಮ.

ದಾರಿಯೂ ಅಂಥದ್ದೇ. ಬಯಲು ಬಿಟ್ಟು ಬೆಟ್ಟ ಏರುವಲ್ಲಿ ಹಳಿ ದೊಡ್ಡ ತಿರುವು ಹಾಕುತ್ತದೆ. ಅಲ್ಲಿ ಬೀಸುವ ಗಾಳಿಗೆ ರೈಲು ಅಲುಗದಿರಲೆಂದು ಹಳೆಯ ಸರಕು ವ್ಯಾಗನ್ನುಗಳಿಗೆ ಮರಳು ತುಂಬಿ ತಡೆಗೋಡೆಯಂತೆ ನಿಲ್ಲಿಸಲಾಗಿದೆ. ಬಳಿಕ ಒಂದರ ಹಿಂದೊಂದು ಚಿಕ್ಕ ಸುರಂಗಗಳು. ಕೊನೆಗೆ ಮೊಫಾಟ್ ಸುರಂಗ. ಎಂಜಿನ್ನಿನ ಹೊಗೆ ಒಳಗೆ ನುಗ್ಗದಿರಲೆಂದು, ಅದನ್ನು ದಾಟುವಷ್ಟು ಹೊತ್ತೂ ಒಂದು ಬೋಗಿಯಿಂದ ಇನ್ನೊಂದಕ್ಕೆ ಓಡಾಡಬಾರದೆಂದು ಪ್ರಯಾಣಿಕರಿಗೆ ಸೂಚಿಸಲಾಗುತ್ತದೆ. ಕತ್ತಲು ಕಳೆದು ಆಚೆ ಬಂದರೆ ಎದುರಿಗೇ ಸ್ಕೀಯಿಂಗ್ ಇಳಿಜಾರು.

ಜನರಿದ್ದೂ ನಿಂತ ರೈಲು

1971ರಲ್ಲಿ ಅಮೆರಿಕದ ಬಹುಪಾಲು ಪ್ರಯಾಣಿಕ ರೈಲುಗಳನ್ನು ‘ಆಮ್‌ಟ್ರ್ಯಾಕ್’ ಎಂಬ ಹೊಸ ಸಾರ್ವಜನಿಕ ಸಂಸ್ಥೆ ವಹಿಸಿಕೊಂಡಾಗಲೂ ರಿಯೊ ಗ್ರಾಂಡೆ ಕಂಪನಿ ಹೊರಗುಳಿದು, ತನ್ನ ರೈಲುಗಳನ್ನು ತಾನೇ ಓಡಿಸಿತು. 1984ರಲ್ಲಿ ಆ ಕಂಪನಿಯನ್ನು ಕೊಂಡ ಡೆನ್ವರ್‌ನ ಉದ್ಯಮಿ ಫಿಲಿಪ್ ಆನ್ಶುಟ್ಸ್ ಹಳೆಯ ಬೋಗಿಗಳನ್ನು ತೆಗೆದು ಕೆನಡಾದಿಂದ ಬೇರೆ ಬೋಗಿಗಳನ್ನು ತರಿಸಿದರು. ಮುಂದೆ ರೈಲ್ವೆ ಕಂಪನಿಗಳು ಒಂದರೊಳಗೊಂದು ಸೇರಿ, 1996ರಲ್ಲಿ ಹಳಿಗಳು ಯೂನಿಯನ್ ಪೆಸಿಫಿಕ್ ಕಂಪನಿಯ ಪಾಲಾದವು. ಸ್ಕೀ ಟ್ರೇನ್ ಮಾತ್ರ ಆನ್ಶುಟ್ಸ್ ಅವರ ಕೈಯಲ್ಲೇ ಉಳಿಯಿತು. 17 ಬೋಗಿಗಳ ಆ ರೈಲು ಒಂದು ಸಲಕ್ಕೆ 750 ಮಂದಿಯನ್ನು ಒಯ್ಯಬಲ್ಲದಾಗಿತ್ತು.

ಅಂದರೆ ರೈಲು ಒಬ್ಬರದು, ಹಳಿ ಇನ್ನೊಬ್ಬರದು, ಸುರಂಗ ಸರ್ಕಾರದ್ದು. ತೊಡಕು ಇಲ್ಲಿಯೇ ಇತ್ತು. ವರ್ಷದಲ್ಲಿ ಕೆಲವೇ ತಿಂಗಳು, ಅದೂ ಮುಖ್ಯವಾಗಿ ವಾರಾಂತ್ಯದಲ್ಲಿ ಓಡುವ ರೈಲಿಗೆ ಬೋಗಿಗಳನ್ನು ವರ್ಷವಿಡೀ ಕಾಪಾಡಬೇಕು. ಅಪಘಾತವಾದರೆ ಪರಿಹಾರ ಕೊಡುವ ಹೊಣೆಗೆ ಭಾರಿ ವಿಮೆ ಬೇಕು. ಯೂನಿಯನ್ ಸ್ಟೇಷನ್ನಿನ ನವೀಕರಣ ನಡೆಯಲಿದ್ದುದರಿಂದ ರೈಲು ಎಲ್ಲಿ ನಿಲ್ಲಬೇಕೆಂಬ ಅನಿಶ್ಚಯ ಬೇರೆ. 2009ರಲ್ಲಿ ಮಾಲೀಕರು ಈ ಕಾರಣಗಳನ್ನೇ ಕೊಟ್ಟು ರೈಲನ್ನು ನಿಲ್ಲಿಸಿ, ಬೋಗಿಗಳನ್ನು ಕೆನಡಾದ ರೈಲ್ವೆಗೆ ಮಾರಿದರು. ಅದೇ ಚಳಿಗಾಲದಲ್ಲಿ ಬೇರೊಂದು ಕಂಪನಿ ಆಮ್‌ಟ್ರ್ಯಾಕ್ ನೆರವಿನಿಂದ ರೈಲನ್ನು ಮತ್ತೆ ಓಡಿಸಲು ಹೊರಟಿತಾದರೂ ಒಪ್ಪಂದ ಕುದುರದೆ, ಡಿಸೆಂಬರಿನಲ್ಲಿ ಕೈಬಿಟ್ಟಿತು.

ಹಾಗೆಂದು ಪರ್ವತದತ್ತ ಹೋಗುವವರು ಕಡಿಮೆಯಾಗಲಿಲ್ಲ. ಶನಿವಾರ, ಭಾನುವಾರ ಬಂತೆಂದರೆ ಐ–70 ಹೆದ್ದಾರಿಯಲ್ಲಿ ಕಾರುಗಳ ಸಾಲು. ಅಲ್ಲಿಂದ ವಿಂಟರ್ ಪಾರ್ಕಿಗೆ ತಿರುಗಿದರೆ 11,300 ಅಡಿ ಎತ್ತರದ ಬರ್ಥೌಡ್ ಕಣಿವೆದಾರಿಯ ಹಿಮಗಟ್ಟಿದ ತಿರುವುಗಳು.

ಮರಳಿ ಹಳಿಗೆ

2015ರಲ್ಲಿ ವಿಂಟರ್ ಪಾರ್ಕ್ ತನ್ನ 75ನೇ ವರ್ಷವನ್ನು ಆಚರಿಸುತ್ತಿತ್ತು. ನೆನಪಿಗಾಗಿ ಮಾರ್ಚ್ 14ರಂದು ಒಂದೇ ಒಂದು ದಿನ ಆಮ್‌ಟ್ರ್ಯಾಕ್ ರೈಲು ಓಡಿಸುವುದೆಂದು ತೀರ್ಮಾನವಾಯಿತು. ಹತ್ತು ಗಂಟೆ ಕಳೆಯುವುದರೊಳಗೆ ಟಿಕೆಟ್ಟುಗಳೆಲ್ಲ ಖರ್ಚಾದವು. ಮರುದಿನ ಇನ್ನೊಂದು ರೈಲು ಬಿಡಬೇಕಾಯಿತು. ಜನ ರೈಲನ್ನು ಮರೆತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಈ ಸಲ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಲಿಲ್ಲ. ರೈಲು ಮತ್ತು ಸಿಬ್ಬಂದಿ ಆಮ್‌ಟ್ರ್ಯಾಕ್‌ನದು. ಹಳಿ ಬಳಸಲು ಯೂನಿಯನ್ ಪೆಸಿಫಿಕ್‌ನ ಒಪ್ಪಿಗೆ. ಅಂಗವಿಕಲರೂ ಸುಲಭವಾಗಿ ಇಳಿಯುವಂಥ ಹೊಸ ಪ್ಲಾಟ್‌ಫಾರ್ಮಿಗೆ ಸುಮಾರು 35 ಲಕ್ಷ ಡಾಲರ್ ಖರ್ಚಾಯಿತು. ಅದರಲ್ಲಿ ರಾಜ್ಯದ ಸಾರಿಗೆ ಇಲಾಖೆಯ ಪಾಲೂ ಇತ್ತು. ಕೆನಡಾಕ್ಕೆ ಹೋದ ಬೋಗಿಗಳು ಮರಳಲಿಲ್ಲ. 2017ರಲ್ಲಿ ಬಂದದ್ದು ಆಮ್‌ಟ್ರ್ಯಾಕ್‌ನ ಬೋಗಿಗಳು. ಆ ಬೋಗಿಗಳಿಗೆ ಚಳಿಗಾಲ ಕಳೆದ ಮೇಲೆ ಬೇರೆ ಮಾರ್ಗಗಳಲ್ಲಿ ಕೆಲಸವಿರುತ್ತದೆ. ಹಳೆಯ ಸ್ಕೀ ಟ್ರೇನಿಗೆ ಇಲ್ಲದಿದ್ದ ಅನುಕೂಲ ಇದು. 2020ರ ಮಾರ್ಚಿನಲ್ಲಿ ಕೊರೊನಾದಿಂದ ನಿಂತ ರೈಲು, ಮುಂದಿನ ಚಳಿಗಾಲವನ್ನು ಪೂರ್ತಿ ಕಳೆದುಕೊಂಡು, 2022ರ ಜನವರಿಯಲ್ಲಿ ಮತ್ತೆ ಹೊರಟಿತು.

ಗುತ್ತಿಗೆ ಮುಗಿದಾಗ

ಈಗ ಸುರಂಗದ ಮಾತಿಗೆ ಮರಳಬೇಕು. 1926ರಲ್ಲಿ ರೈಲ್ವೆ ಕಂಪನಿಗೆ ಸುರಂಗವನ್ನು ಕೊಟ್ಟದ್ದು 99 ವರ್ಷಗಳ ಗುತ್ತಿಗೆಯ ಮೇಲೆ. ಕಂಪನಿಗಳು ಬದಲಾದರೂ ಕರಾರು ಬದಲಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಯೂನಿಯನ್ ಪೆಸಿಫಿಕ್ ಕೊಡುತ್ತಿದ್ದ ಬಾಡಿಗೆ ವರ್ಷಕ್ಕೆ ಕೇವಲ 12,000 ಡಾಲರ್! 2025ರ ಜನವರಿಯಲ್ಲಿ ಆ ಗುತ್ತಿಗೆ ಮುಗಿಯಲಿತ್ತು.

ರಾಜ್ಯ ಸರ್ಕಾರ ಹೆಚ್ಚು ಬಾಡಿಗೆಯ ಹಿಂದೆ ಬೀಳಲಿಲ್ಲ. ಅದು ಕೇಳಿದ್ದು ಹಳಿಯ ಮೇಲೆ ಜಾಗ. ಕೆಲವು ತಿಂಗಳ ಮಾತುಕತೆಯ ಬಳಿಕ 2025ರಲ್ಲಿ ಆದ ಒಪ್ಪಂದದಂತೆ ಕಂಪನಿಗೆ ಸುರಂಗ ಇನ್ನು 25 ವರ್ಷ ಸಿಗುತ್ತದೆ. ಪ್ರತಿಯಾಗಿ ರಾಜ್ಯವು ಡೆನ್ವರ್‌ನಿಂದ ಪರ್ವತದಾಚೆಗೆ ದಿನಕ್ಕೆ ಮೂರು ಪ್ರಯಾಣಿಕ ರೈಲುಗಳನ್ನು ಹೋಗಿಬರುವಂತೆ ಓಡಿಸಬಹುದು. ಈ ಮಾತುಕತೆ ನಡೆದಿದ್ದ 2024–25ರ ಚಳಿಗಾಲದಲ್ಲೇ ರಾಜ್ಯದ ನೆರವಿನಿಂದ ವಿಂಟರ್ ಪಾರ್ಕ್ ಎಕ್ಸ್‌ಪ್ರೆಸ್ ಓಡುವ ದಿನಗಳು ಹೆಚ್ಚಿದವು. ವಾರಾಂತ್ಯಕ್ಕೆ ಸೀಮಿತವಾಗದೆ ಜನವರಿಯಿಂದ ಅದು ಗುರುವಾರದಿಂದ ಸೋಮವಾರದವರೆಗೆ ಓಡಿತು. ಕನಿಷ್ಠ ಟಿಕೆಟ್ ದರ 19 ಡಾಲರಿಗೆ ಇಳಿಯಿತು.

ವಿಂಟರ್ ಪಾರ್ಕನ್ನೂ ದಾಟಿ, ಮೊಫಾಟ್‌ನ ಹಳಿ ಮುಗಿಯುವ ಕ್ರೇಗ್‌ವರೆಗೆ ರೈಲು ಓಡಿಸಬೇಕೆಂಬುದು ರಾಜ್ಯದ ಯೋಜನೆ. ಕ್ರೇಗ್‌ಗೆ ಹೋಗುತ್ತಿದ್ದ ಕೊನೆಯ ಪ್ರಯಾಣಿಕ ರೈಲು ನಿಂತದ್ದು 1968ರಲ್ಲಿ. ಆ ಭಾಗದ ಬದುಕು ಕಲ್ಲಿದ್ದಲನ್ನು ನಂಬಿ ನಿಂತಿತ್ತು. ಈಗ ಕಲ್ಲಿದ್ದಲ ಸಾಗಣೆ ಇಳಿಮುಖವಾಗಿದೆ. ಹಳಿಯ ಮೇಲೆ ಜಾಗ ಬಿಡುವಾಗುತ್ತಿದೆ, ಅಲ್ಲಿನವರಿಗೆ ಬೇರೆ ದಾರಿಯೂ ಬೇಕಾಗಿದೆ.

1922ರಲ್ಲಿ ಸುರಂಗಕ್ಕೆ ತೆರಿಗೆ ಕಟ್ಟಲು ಒಪ್ಪಿದವರಲ್ಲಿ ಸ್ಕೀಯಿಂಗ್ ರೈಲಿನ ಕನಸು ಕಂಡವರು ಇದ್ದಿರಲಾರರು. ಆದರೆ ಕೊರೆದ ಸುರಂಗವನ್ನು ಅವರು ಕಂಪನಿಗೆ ಮಾರಿಬಿಡಲಿಲ್ಲ, ಬಾಡಿಗೆಗೆ ಕೊಟ್ಟರು. ಅಂದು ಬರೆದ ಆ ಒಂದು ಕರಾರು, ನೂರು ವರ್ಷದ ಬಳಿಕ ಅವರ ಮರಿಮಕ್ಕಳಿಗೆ ರೈಲು ಕೇಳುವ ಹಕ್ಕು ಕೊಟ್ಟಿತು.