ಎಸ್. ಸಿ. ಬ್ರಾಡ್‌ಫರ್ಡ್ : ರಸಾಯನಶಾಸ್ತ್ರದಿಂದ ಗ್ರಂಥಾಲಯಕ್ಕೆ

ವಿಜ್ಞಾನದ ಇತಿಹಾಸಕಾರರು ಪ್ರಯೋಗಶಾಲೆಯನ್ನು ಸ್ಮರಿಸುವಷ್ಟು ಗ್ರಂಥಾಲಯವನ್ನು ಸ್ಮರಿಸುವುದಿಲ್ಲ. ಆದರೆ ಒಬ್ಬನು ಕಂಡುಹಿಡಿದ ಸತ್ಯವು ಅದು ಬೇಕಾದವನ ಕೈಸೇರದಿದ್ದರೆ, ಅವನ ಪಾಲಿಗೆ ಅದು ಇಲ್ಲದಂತೆಯೇ ಸರಿ. ಈ ನಷ್ಟವನ್ನು ಅಂಕಿಗಳಿಂದ ತೋರಿಸಿದವನು ಲಂಡನ್ನಿನ ಸ್ಯಾಮ್ಯುಯೆಲ್ ಕ್ಲೆಮೆಂಟ್ ಬ್ರಾಡ್‌ಫರ್ಡ್ (1878–1948).

ಬ್ರಾಡ್‌ಫರ್ಡನು ಮೂಲತಃ ರಸಾಯನಶಾಸ್ತ್ರಜ್ಞ. ಲೋಳೆಯಂಥ ಮಾಧ್ಯಮಗಳಲ್ಲಿ ಲವಣಗಳು ಹರಡುವಾಗ ಕರಗದ ವಸ್ತುವು ಬಳೆಬಳೆಯಾಗಿ ಏರ್ಪಡುವುದುಂಟು. ಇದರ ಕಾರಣವನ್ನು ಕುರಿತು 1916ರಿಂದ ಅವನು ಲೇಖನಗಳನ್ನು ಪ್ರಕಟಿಸಿದನು. ಮುಂದೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಗ್ರಂಥಭಂಡಾರವು ಅವನ ಆಡಳಿತಕ್ಕೆ ಬಂದಿತು. ವೃತ್ತಿ ಬದಲಾಯಿತು, ಎಣಿಸಿ ಅಳೆದು ನೋಡುವ ಅಭ್ಯಾಸ ಬದಲಾಗಲಿಲ್ಲ.

ಅಂದು ಲೇಖನಗಳ ಸಾರವನ್ನೂ ಸೂಚಿಯನ್ನೂ ಒದಗಿಸುವ ಸುಮಾರು 300 ಪತ್ರಿಕೆಗಳಿದ್ದುವು. ವರ್ಷಕ್ಕೆ ಪ್ರಕಟವಾಗುವ ಲೇಖನಗಳು ಸುಮಾರು 7,50,000. ಈ ಪತ್ರಿಕೆಗಳು ಮಾಡಿದ ಉಲ್ಲೇಖಗಳೂ ಸುಮಾರು ಅಷ್ಟೆ. ಆದರೆ ಒಂದೇ ಲೇಖನವು ಹಲವೆಡೆ ಮರುಕಳಿಸುತ್ತಿದ್ದುದರಿಂದ, ಬೇರೆಬೇರೆ ಲೇಖನಗಳು 2,50,000 ಮಾತ್ರ ಎಂದು ಬ್ರಾಡ್‌ಫರ್ಡನು ಅಂದಾಜು ಮಾಡಿದನು. ಮೂರರಲ್ಲಿ ಎರಡು ಪಾಲು ಯಾರ ಗಮನಕ್ಕೂ ಬಾರದೆ ಉಳಿಯುತ್ತಿತ್ತು.

ಇದಕ್ಕೆ ಕಾರಣವೇನು? ಅನ್ವಿತ ಭೂಭೌತವಿಜ್ಞಾನಕ್ಕೆ ಸಂಬಂಧಿಸಿದ 1,332 ಲೇಖನಗಳನ್ನು ಪರಿಶೀಲಿಸಿದಾಗ ಅವು 326 ಪತ್ರಿಕೆಗಳಲ್ಲಿ ಚದುರಿದ್ದುದು ಕಂಡುಬಂದಿತು. ಅವುಗಳಲ್ಲಿ 9 ಪತ್ರಿಕೆಗಳು 429 ಲೇಖನಗಳನ್ನು ಕೊಟ್ಟರೆ, ಮುಂದಿನ 59 ಪತ್ರಿಕೆಗಳು 499ನ್ನೂ, ಉಳಿದ 258 ಪತ್ರಿಕೆಗಳು 404ನ್ನೂ ಕೊಟ್ಟುವು. ಹೆಚ್ಚುಕಡಮೆ ಸಮನಾದ ಫಲಕ್ಕೆ ಪ್ರತಿ ವಲಯದಲ್ಲಿಯೂ ಸುಮಾರು ಐದರಷ್ಟು ಹೆಚ್ಚು ಪತ್ರಿಕೆಗಳು ಬೇಕು. 1934ರಲ್ಲಿ 'ಎಂಜಿನಿಯರಿಂಗ್' ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವೇ ಮುಂದೆ 'ಬ್ರಾಡ್‌ಫರ್ಡನ ನಿಯಮ'ವೆಂದು ಹೆಸರಾಯಿತು. 1948ರಲ್ಲಿ ಅವನ 'ಡಾಕ್ಯುಮೆಂಟೇಷನ್' ಗ್ರಂಥ ಹೊರಬಂದ ಬಳಿಕ, ರಸಾಯನಶಾಸ್ತ್ರವನ್ನೇ ಓದಿ ಗ್ರಂಥಪಾಲಕನಾಗಿದ್ದ ಬ್ರಯನ್ ವಿಕರಿ ಮೊದಲಾದವರು ಅದನ್ನು ವಿಮರ್ಶೆಗೆ ತಂದರು.

ಈ ನಿಯಮವನ್ನು ಇಂದು ಬಹುಮಟ್ಟಿಗೆ ಮಿತವ್ಯಯದ ಸೂತ್ರವೆಂದೇ ಬಳಸುತ್ತಾರೆ: ಮುಖ್ಯವಾದ ಕೆಲವು ಪತ್ರಿಕೆಗಳನ್ನು ತರಿಸಿದರೆ ಸಾಕೆಂಬುದು ಅದರ ತಾತ್ಪರ್ಯವೆಂದು ತಿಳಿಯುತ್ತಾರೆ. ಬ್ರಾಡ್‌ಫರ್ಡನ ಆಶಯ ಇದಕ್ಕೆ ವಿರುದ್ಧವಾಗಿತ್ತು. ವಿಜ್ಞಾನವು ಅಖಂಡವಾದುದು; ಒಂದು ವಿಷಯದ ಸಾಮಗ್ರಿ ಇನ್ನೊಂದು ವಿಷಯದ ಪತ್ರಿಕೆಯಲ್ಲಿ ಅಡಗಿರುವುದು ಸಹಜ. ಆದುದರಿಂದ ಯಾವ ವಿಶೇಷ ಗ್ರಂಥಾಲಯವೂ ತಾನೊಂದೇ ಪರಿಪೂರ್ಣವಾಗಲಾರದು. ಸಮಗ್ರ ವಿಜ್ಞಾನವನ್ನು ಸಂಗ್ರಹಿಸುವ ಭಂಡಾರವೊಂದು ಅದರ ಬೆನ್ನಿಗಿರಬೇಕು ಎಂಬುದು ಅವನ ವಾದ. ಒಂಬತ್ತು ಪತ್ರಿಕೆಗಳಿಗೇ ತೃಪ್ತನಾದ ಸಂಶೋಧಕನಿಗೆ 1,332ರಲ್ಲಿ 903 ಲೇಖನಗಳು ಕಾಣದೆ ಹೋಗುತ್ತವೆಂಬುದನ್ನು ಆ ಅಂಕಿಗಳೇ ಹೇಳುತ್ತವೆ.