ಬಿನ್ನಪದಿಂದ ಅರ್ಜಿಯವರೆಗೆ

ಉದ್ಯೋಗವನ್ನು ಅಪೇಕ್ಷಿಸಿ ಕಾಗದ ಬರೆಯುವುದು ಇಂಗ್ಲಿಷರೊಡನೆ ಬಂದ ಪದ್ಧತಿಯೆಂದು ಹಲವರ ಭಾವನೆ. ಆದರೆ ಅಧಿಕಾರಸ್ಥರ ಮುಂದೆ ತನ್ನ ಮಾತನ್ನು ಇರಿಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ‘ಬಿನ್ನಪ’ವೆಂಬ ನಮ್ಮ ಹಳೆಯ ಮಾತು ‘ವಿಜ್ಞಾಪನ’ದ ತದ್ಭವ. ಅದರ ಮೂಲಾರ್ಥ ಬೇಡುವುದಲ್ಲ, ತಿಳಿಯಪಡಿಸುವುದು. ಬಾದಾಮಿ ಚಾಲುಕ್ಯರ ತಾಮ್ರಶಾಸನಗಳಲ್ಲಿ ದಾನವಿತ್ತ ಅರಸನ ಹೆಸರಿನೊಡನೆ, ಯಾರ ವಿಜ್ಞಾಪನೆಯಿಂದ ಆ ದಾನವಾಯಿತೋ ಅವರ ಹೆಸರೂ ಅನೇಕ ವೇಳೆ ಬಂದಿರುತ್ತದೆ. ಬಿನ್ನವಿಸಿದವನಿಗೂ ಅಲ್ಲಿ ಒಂದು ಸ್ಥಾನವಿದ್ದಿತು.

ಈ ಸ್ಥಾನವು ಮುಂದೆ ಹೇಗೆ ಮಸುಕಾಯಿತೆಂಬುದನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಚೆನ್ನಾಗಿ ಕಾಣಬಹುದು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಕುಂಪಣಿಯ ಆಡಳಿತ ಬಂದಿತು. ಈ ಊರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದುವು. ಜನರ ಬಾಯಲ್ಲಿ ಕನ್ನಡವಿದ್ದರೂ ಕಚೇರಿಯ ಬರಹದಲ್ಲಿ ಮರಾಠಿಯೂ ಅದರ ಮೋಡಿ ಲಿಪಿಯೂ ಪ್ರಬಲವಾಗಿದ್ದುವು. ಬಿನ್ನಪದ ಎಡೆಯಲ್ಲಿ ಅರಬ್ಬೀ ಮೂಲದ ‘ಅರ್ಜಿ’ ನಿಂತಿತು. ಮಾಮಲೇದಾರ, ಕಾರಕೂನ, ದಫ್ತರಗಳು ಅದರ ನೆರೆಯಾದುವು. ಪದಗಳು ಬದಲಾದುದರಿಂದ ಕೇಡೇನೂ ಇಲ್ಲ. ಕೇಡಿದ್ದುದು ಬೇರೆ ಕಡೆ. ಮೋಡಿಯನ್ನರಿಯದ ಕನ್ನಡಿಗನು ತನ್ನ ಅಹವಾಲನ್ನು ಮತ್ತೊಬ್ಬನ ಲೇಖನಿಗೆ ಒಪ್ಪಿಸಬೇಕಾಗಿತ್ತು. ಬರೆದುದು ತನ್ನ ಮಾತೇ ಅಲ್ಲವೇ ಎಂದು ಓದಿ ನೋಡುವ ಶಕ್ತಿಯೂ ಅವನಿಗಿರಲಿಲ್ಲ.

ಈ ಕಟ್ಟನ್ನು ಸಡಿಲಿಸಿದವು ಕನ್ನಡ ಶಾಲೆಗಳು. 1881ರಲ್ಲಿ ತೀರಿಕೊಂಡ ಡೆಪ್ಯುಟಿ ಚೆನ್ನಬಸಪ್ಪನವರು ಈ ಶಾಲೆಗಳಿಗಾಗಿ ಪಟ್ಟ ಶ್ರಮ ಪ್ರಸಿದ್ಧವಾದುದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಹಳ್ಳಿಯ ಹುಡುಗನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಶಾಲಾಮಾಸ್ತರಿಕೆಗೋ ಕಾರಕೂನಿಕೆಗೋ ತನ್ನ ಕೈಯಿಂದಲೇ ಅರ್ಜಿ ಬರೆಯಬಲ್ಲವನಾದನು. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಿಕ್ಷಕರಾಗಿದ್ದುಕೊಂಡೇ ‘ಗಳಗನಾಥ’ರೆಂಬ ಹೆಸರಿನಿಂದ ಕನ್ನಡಕ್ಕೆ ಕಾದಂಬರಿಯ ಓದುಗರನ್ನು ಗಳಿಸಿಕೊಟ್ಟುದು ಈ ಶಾಲೆಗಳ ಕಾಲದಲ್ಲಿಯೇ.

ಅಷ್ಟರಲ್ಲಿ, 1880ರ ದಶಕದಲ್ಲಿ, ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲುಮಾರ್ಗವು ಈ ಮೂರು ಊರುಗಳನ್ನೂ ಮುಟ್ಟಿ ಸಾಗಿತು. ಹೊಸ ಉದ್ಯೋಗಗಳೊಡನೆ ಇಂಗ್ಲಿಷ್ ಅರ್ಜಿಯೂ, ‘ತಮ್ಮ ಅತ್ಯಂತ ವಿಧೇಯ ಸೇವಕ’ನೆಂಬ ಒಕ್ಕಣೆಯೂ ಬಂದುವು. ಮೋಡಿಯ ಬಂಧನ ಕಳೆಯುತ್ತಿರುವಾಗಲೇ ಒಕ್ಕಣೆಯ ಬಂಧನ ಬಂದಿತು. ನೂರು ಮಂದಿ ಒಂದೇ ಮಾತನ್ನು ನಕಲು ಮಾಡಿದರೆ ಅಧಿಕಾರಿಯು ಯಾರನ್ನು ಗುರುತಿಸಿಯಾನು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಉತ್ತರ ಸುಲಭ. ಅಲ್ಲಿನ ಕಾಯಿಗೆ ಕಡುಗೆಂಪು ಬಣ್ಣ ಹೆಚ್ಚು, ಖಾರ ಕಡಮೆ. ಕೊಳ್ಳುವವನು ಹೊಗಳಿಕೆಯನ್ನು ಕೇಳುತ್ತ ನಿಲ್ಲುವುದಿಲ್ಲ. ಚೀಲದಿಂದ ಒಂದು ಹಿಡಿ ತೆಗೆದು ಬಣ್ಣವನ್ನು ನೋಡುತ್ತಾನೆ. ಯೋಗ್ಯತಾಪತ್ರಗಳ ಮೇಲಿರಿಸಿ ಕಳುಹುವ ಕಾಗದವೂ ಅಂತಹ ಒಂದು ಹಿಡಿ. ಯಾವ ಹುದ್ದೆಯನ್ನು ಕುರಿತು ಬರೆಯಲಾಗಿದೆ, ತಾನು ಯಾವ ಕೆಲಸವನ್ನು ಎಲ್ಲಿ, ಎಷ್ಟು ವರ್ಷ ಮಾಡಿದೆ, ಆ ಅನುಭವವು ಈ ಕಚೇರಿಗೆ ಹೇಗೆ ಉಪಯುಕ್ತ ಎಂಬಿಷ್ಟನ್ನು ಒಂದೇ ಪುಟದಲ್ಲಿ ಹೇಳಿದರೆ ಸಾಕು. ‘ನಾನು ಬಹು ಶ್ರಮಜೀವಿ’ ಎಂಬುದಕ್ಕಿಂತ ‘ಮೂರು ವರ್ಷ ಅಡತಿ ಅಂಗಡಿಯ ಲೆಕ್ಕ ಬರೆದಿದ್ದೇನೆ’ ಎಂಬುದು ಹೆಚ್ಚು ತೂಕದ ಮಾತು. ವಿನಯವಿರಬೇಕು, ದೈನ್ಯ ಬೇಡ. ಬರೆದುದನ್ನು ಮತ್ತೊಮ್ಮೆ ಓದಿ, ಆ ಹುದ್ದೆಗೆ ಸಂಬಂಧಪಡದ ವಾಕ್ಯವನ್ನು ಹೊಡೆದುಹಾಕಬೇಕು.

1956ರಲ್ಲಿ ಈ ಸೀಮೆ ಮೈಸೂರು ರಾಜ್ಯದಲ್ಲಿ ಕೂಡಿಕೊಂಡಿತು. 1963ರ ಕಾಯಿದೆಯು ಕನ್ನಡವನ್ನು ರಾಜಭಾಷೆಯಾಗಿಸಿತು. 1997ರಲ್ಲಿ ಹಾವೇರಿಯೇ ಜಿಲ್ಲಾಕೇಂದ್ರವಾಯಿತು. ಇಂದು ಅಲ್ಲಿನ ತರುಣನು ತನ್ನ ನುಡಿಯಲ್ಲಿ, ತನ್ನ ಲಿಪಿಯಲ್ಲಿ, ತನ್ನ ಜಿಲ್ಲೆಯ ಕಚೇರಿಗೆ ಬರೆಯಬಲ್ಲನು. ಹಿಂದಿನವರು ಕಷ್ಟಪಟ್ಟು ಗಳಿಸಿಕೊಟ್ಟ ಈ ಹಕ್ಕನ್ನು ಪರರ ಒಕ್ಕಣೆಯನ್ನು ನಕಲು ಮಾಡಿ ಬಿಟ್ಟುಕೊಡುವುದು ಉಚಿತವಲ್ಲ. ತನ್ನನ್ನು ತಾನೇ ತಿಳಿಯಪಡಿಸಿದಾಗಲೇ ಅರ್ಜಿಯು ಮತ್ತೆ ಬಿನ್ನಪವಾಗುತ್ತದೆ.