ಹಟ್ಟಿಯ ಚಿನ್ನಕ್ಕೆ ಲಂಡನ್ ಗಡಿಯಾರ: ದೇಶ ದೇಶಗಳ ಸಮಯ ಲೆಕ್ಕ ಹಾಕೋದು ಹೇಗೆ?

ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಿದೆ ಅಂದ್ಕೊಳ್ಳಿ. ಕೊನೆಯ ಸಮಯ ಅಕ್ಟೋಬರ್ 31, ರಾತ್ರಿ 11.59, ಸಿಡ್ನಿ ಸಮಯ. ಮಸ್ಕಿಯ ಹುಡುಗಿಯೊಬ್ಬಳು ಅವತ್ತು ಸಂಜೆ ಏಳಕ್ಕೆ ಸೈಬರ್ ಸೆಂಟರ್‌ಗೆ ಹೋಗಿ ಕೂತರೆ ಅರ್ಜಿ ಆಗಲೇ ಮುಚ್ಚಿರುತ್ತದೆ. ಸಿಡ್ನಿಯ ರಾತ್ರಿ 11.59 ಅಂದರೆ ನಮ್ಮ ಸಂಜೆ 6.29. ಅಂಕ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಲ್ಲ ಸರಿಯಾಗಿದ್ದರೂ ಐದೂವರೆ ಗಂಟೆಯ ಒಂದು ಲೆಕ್ಕ ತಪ್ಪಿದ್ದಕ್ಕೆ ಒಂದು ವರ್ಷ ಹೋಯಿತು.

ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ ಇದನ್ನು ಹೇಳಿಕೊಡಲು ಅಮೆರಿಕದಲ್ಲಿರುವ ಚಿಕ್ಕಪ್ಪನೋ ಅಕ್ಕನೋ ಇರುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮೊದಲ ತಲೆಮಾರಿನ ಪದವೀಧರರಿಗೆ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಈ ಬರಹ. ಉಳಿಸಿಟ್ಟುಕೊಳ್ಳಿ, ಬೇಕಾದಾಗ ತೆಗೆದು ನೋಡಿ.

ಎರಡೇ ಹೆಜ್ಜೆಯ ಲೆಕ್ಕ

ಜಗತ್ತಿನ ಎಲ್ಲ ಗಡಿಯಾರಗಳನ್ನೂ ಒಂದೇ ಅಳತೆಗೋಲಿಗೆ ಕಟ್ಟಲಾಗಿದೆ. ಅದರ ಹೆಸರು ಯುಟಿಸಿ. ದಿನಬಳಕೆಯ ಮಟ್ಟಿಗೆ ಯುಟಿಸಿ, ಜಿಎಂಟಿ ಎರಡೂ ಒಂದೇ ಅಂದುಕೊಂಡರೆ ಸಾಕು. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ ಇದೆ.

ಹೆಜ್ಜೆ 1: ಬೇರೆ ದೇಶದ ಸಮಯವನ್ನು ಯುಟಿಸಿಗೆ ತನ್ನಿ. ಆ ದೇಶ ಯುಟಿಸಿಗಿಂತ ಮುಂದಿದ್ದರೆ ಕಳೆಯಿರಿ, ಹಿಂದಿದ್ದರೆ ಕೂಡಿಸಿ.

ಹೆಜ್ಜೆ 2: ಬಂದ ಉತ್ತರಕ್ಕೆ 5.30 ಗಂಟೆ ಕೂಡಿಸಿ. 24 ದಾಟಿದರೆ ತಾರೀಖು ಒಂದು ದಿನ ಮುಂದೆ.

ಉದಾಹರಣೆಗೆ, ನ್ಯೂಯಾರ್ಕ್‌ನಲ್ಲಿ ಜನವರಿ 31ರ ರಾತ್ರಿ 11.59. ಚಳಿಗಾಲದಲ್ಲಿ ಆ ಊರು ಯುಟಿಸಿಗಿಂತ 5 ಗಂಟೆ ಹಿಂದೆ. 23.59ಕ್ಕೆ 5 ಕೂಡಿಸಿದರೆ 28.59, ಅಂದರೆ ಫೆಬ್ರುವರಿ 1ರ ಬೆಳಗಿನ 4.59 ಯುಟಿಸಿ. ಅದಕ್ಕೆ 5.30 ಸೇರಿಸಿದರೆ ನಮ್ಮ ಬೆಳಗಿನ 10.29. ಲೆಕ್ಕ ಮಾಡುವಾಗ ಎಎಂ, ಪಿಎಂ ಬಿಟ್ಟು ರೈಲ್ವೆ ಟೈಮ್ ಬಳಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ನಮ್ಮವರಿಗೆ ಹೆಚ್ಚು ಬೇಕಾಗುವ ಊರುಗಳ ಪಟ್ಟಿ ಇಲ್ಲಿದೆ, ನಮ್ಮ ಸಮಯಕ್ಕೆ ಹೋಲಿಸಿ:

- ದುಬೈ, ಅಬುಧಾಬಿ, ಮಸ್ಕತ್: 1.30 ಗಂಟೆ ಹಿಂದೆ
- ರಿಯಾದ್, ಕುವೈತ್, ದೋಹಾ: 2.30 ಗಂಟೆ ಹಿಂದೆ
- ಲಂಡನ್: ಬೇಸಿಗೆಯಲ್ಲಿ 4.30, ಚಳಿಗಾಲದಲ್ಲಿ 5.30 ಗಂಟೆ ಹಿಂದೆ
- ಬರ್ಲಿನ್: ಬೇಸಿಗೆಯಲ್ಲಿ 3.30, ಚಳಿಗಾಲದಲ್ಲಿ 4.30 ಗಂಟೆ ಹಿಂದೆ
- ನ್ಯೂಯಾರ್ಕ್: ಬೇಸಿಗೆಯಲ್ಲಿ 9.30, ಚಳಿಗಾಲದಲ್ಲಿ 10.30 ಗಂಟೆ ಹಿಂದೆ
- ಸ್ಯಾನ್ ಫ್ರಾನ್ಸಿಸ್ಕೊ: ಬೇಸಿಗೆಯಲ್ಲಿ 12.30, ಚಳಿಗಾಲದಲ್ಲಿ 13.30 ಗಂಟೆ ಹಿಂದೆ
- ಕಠ್ಮಂಡು: 15 ನಿಮಿಷ ಮುಂದೆ
- ಢಾಕಾ: 30 ನಿಮಿಷ ಮುಂದೆ
- ಸಿಂಗಪುರ: 2.30 ಗಂಟೆ ಮುಂದೆ
- ಟೋಕಿಯೊ: 3.30 ಗಂಟೆ ಮುಂದೆ
- ಸಿಡ್ನಿ: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 4.30, ಉಳಿದ ತಿಂಗಳು 5.30 ಗಂಟೆ ಮುಂದೆ

ಮುಖ್ಯ ವಿಷಯ ಒಂದಿದೆ. ನಮ್ಮ ಪಶ್ಚಿಮದ ದೇಶಗಳ ಗಡುವು ನಮಗೆ ತಡವಾಗಿ ಬರುತ್ತದೆ, ಪೂರ್ವದ ದೇಶಗಳದ್ದು ಬೇಗ ಬರುತ್ತದೆ. ಅಮೆರಿಕದ ಅರ್ಜಿಯಲ್ಲಿ ಲೆಕ್ಕ ತಪ್ಪಿದರೂ ಸಾಮಾನ್ಯವಾಗಿ ಬಚಾವ್ ಆಗಬಹುದು. ಆಸ್ಟ್ರೇಲಿಯಾ, ಜಪಾನ್, ಸಿಂಗಪುರದ್ದಾದರೆ ಬಾಗಿಲು ಮುಚ್ಚಿರುತ್ತದೆ.

ಗಡಿಯಾರ ಸರಿಯುವ ದೇಶಗಳು

ಪಟ್ಟಿಯಲ್ಲಿ ಕೆಲವು ಊರಿಗೆ ಎರಡೆರಡು ಲೆಕ್ಕ ಯಾಕೆ? ಬೇಸಿಗೆಯ ಹಗಲು ಬಳಸಿಕೊಳ್ಳಲು ಆ ದೇಶಗಳು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತವೆ. ಅಮೆರಿಕದಲ್ಲಿ ಇದು ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ. ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ. ಇಬ್ಬರೂ ಒಂದೇ ದಿನ ಬದಲಾಯಿಸುವುದಿಲ್ಲ ಅನ್ನೋದನ್ನ ಗಮನಿಸಿ. ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಲಂಡನ್–ನ್ಯೂಯಾರ್ಕ್ ಅಂತರವೇ ಬೇರೆ ಇರುತ್ತದೆ. ಸಿಡ್ನಿ ದಕ್ಷಿಣಾರ್ಧ ಗೋಳದ್ದು, ಅಲ್ಲಿ ಎಲ್ಲ ಉಲ್ಟಾ: ಅಕ್ಟೋಬರ್‌ನ ಮೊದಲ ಭಾನುವಾರ ಶುರು, ಏಪ್ರಿಲ್‌ನ ಮೊದಲ ಭಾನುವಾರ ಮುಕ್ತಾಯ.

ಇದಕ್ಕೂ ನಮ್ಮ ಜಿಲ್ಲೆಗೂ ಏನು ಸಂಬಂಧ ಅಂದರೆ, ಹಟ್ಟಿ ನೋಡಿ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಕಾರ್ಮಿಕರು ಪಾಳಿಯ ಮೇಲೆ ನೆಲದಡಿಗೆ ಇಳಿದು ಚಿನ್ನದ ಅದಿರು ತೆಗೆಯುತ್ತಾರೆ. ಆದರೆ ಜಗತ್ತು ಚಿನ್ನಕ್ಕೆ ಆಧಾರವಾಗಿ ನೋಡುವ ದರ ಹರಾಜಿನಲ್ಲಿ ನಿಗದಿಯಾಗುವುದು ಲಂಡನ್ನಿನಲ್ಲಿ, ಅಲ್ಲಿನ ಬೆಳಗ್ಗೆ 10.30ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ. ಚಳಿಗಾಲದಲ್ಲಿ ಅದು ನಮ್ಮ ಸಂಜೆ 4 ಮತ್ತು ರಾತ್ರಿ 8.30. ಬೇಸಿಗೆಯಲ್ಲಿ ಮಧ್ಯಾಹ್ನ 3 ಮತ್ತು ಸಂಜೆ 7.30. ನಮ್ಮ ಗಡಿಯಾರ ಒಂದು ನಿಮಿಷವೂ ಅಲುಗಾಡಿಲ್ಲ, ಅವರದ್ದು ಅಲುಗಾಡಿತು, ನಾವು ಹೊಂದಿಕೊಂಡೆವು.

ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಇರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಇನ್ನೂ ನೇರವಾಗಿ ತಟ್ಟುತ್ತದೆ. ನ್ಯೂಯಾರ್ಕ್‌ನ ಬೆಳಗ್ಗೆ 9ರಿಂದ ಸಂಜೆ 6ರ ಪಾಳಿ ಬೇಸಿಗೆಯಲ್ಲಿ ನಮ್ಮ ಸಂಜೆ 6.30ರಿಂದ ರಾತ್ರಿ 3.30. ನವೆಂಬರ್‌ನ ಆ ಭಾನುವಾರದ ನಂತರ 7.30ರಿಂದ ನಸುಕಿನ 4.30. ನಿದ್ದೆ, ಕ್ಯಾಬ್, ಪಿಜಿಯ ಊಟದ ಹೊತ್ತು ಎಲ್ಲವೂ ಒಂದು ಗಂಟೆ ಜಾರುತ್ತದೆ. ನೇಮಕಾತಿ ಪತ್ರಕ್ಕೆ ಸಹಿ ಹಾಕುವಾಗ ಪಾಳಿಯ ಸಮಯ ಯಾವ ದೇಶದ್ದು, ನವೆಂಬರ್ ನಂತರ ಏನಾಗುತ್ತದೆ ಅಂತ ಕೇಳುವುದು ನಿಮ್ಮ ಹಕ್ಕು.

ಅಕ್ಷರಗಳ ಮೋಸ

ಮೂರಕ್ಷರದ ಸಂಕ್ಷೇಪಗಳನ್ನು ನಂಬಬೇಡಿ. ಐಎಸ್‌ಟಿ ಅಂದರೆ ನಮಗೆ ಭಾರತ, ಇಸ್ರೇಲಿಗೆ ಇಸ್ರೇಲ್, ಐರ್ಲೆಂಡಿಗೆ ಐರ್ಲೆಂಡ್. ಸಿಎಸ್‌ಟಿ ಅಮೆರಿಕದ ಮಧ್ಯಭಾಗವೂ ಹೌದು, ಚೀನಾವೂ ಹೌದು.

ಸಿಂಧನೂರಿನವರಿಗೆ ಬಿಎಸ್‌ಟಿ ಒಳ್ಳೆಯ ಉದಾಹರಣೆ. ತಾಲೂಕಿನ ಪುನರ್ವಸತಿ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತ ಕುಟುಂಬಗಳಿವೆ. ಗಡಿಯಾಚೆಯ ಬಂಧುಗಳು ಹೇಳುವ ಬಿಎಸ್‌ಟಿ ಬಾಂಗ್ಲಾದೇಶದ ಸಮಯ. ಬ್ರಿಟಿಷ್ ವಿಶ್ವವಿದ್ಯಾಲಯ ಬರೆಯುವ ಬಿಎಸ್‌ಟಿ ಬ್ರಿಟನ್ನಿನ ಬೇಸಿಗೆ ಸಮಯ. ಸಂಜೆ 6 ಬಿಎಸ್‌ಟಿ ಅಂದರೆ ಮೊದಲನೆಯದರಲ್ಲಿ ನಮ್ಮ ಸಂಜೆ 5.30, ಎರಡನೆಯದರಲ್ಲಿ ರಾತ್ರಿ 10.30. ನಡುವೆ ಐದು ಗಂಟೆ! ಆದ್ದರಿಂದ ಊರಿನ ಹೆಸರು ಅಥವಾ ಯುಟಿಸಿಯ ಅಂತರ ಕೇಳಿ ತಿಳಿದುಕೊಳ್ಳಿ.

‘ಮಧ್ಯರಾತ್ರಿ 12’ ಕೂಡ ಮೋಸವೇ. ‘15ನೇ ತಾರೀಖು ಮಧ್ಯರಾತ್ರಿ’ ಅಂದರೆ 15 ಶುರುವಾಗುವ ಗಳಿಗೆಯೋ, ಮುಗಿಯುವ ಗಳಿಗೆಯೋ? ಸ್ಪಷ್ಟ ಇಲ್ಲದಿದ್ದರೆ ಮೊದಲನೆಯದು ಅಂದುಕೊಂಡು ಅರ್ಜಿ ಹಾಕಿಬಿಡಿ. ಸಂಶೋಧನಾ ಸಮ್ಮೇಳನಗಳು ‘ಭೂಮಿಯ ಮೇಲೆ ಎಲ್ಲಿಯಾದರೂ’ ಎಂಬ ಗಡುವು ಕೊಡುತ್ತವೆ. ಅದು ಯುಟಿಸಿಗಿಂತ 12 ಗಂಟೆ ಹಿಂದೆ. ಅಲ್ಲಿನ ರಾತ್ರಿ 11.59 ನಮಗೆ ಮರುದಿನ ಸಂಜೆ 5.29.

ಈ ಐದೂವರೆ ಎಲ್ಲಿಂದ ಬಂತು?

ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಭಾರತದ ಸಮಯಕ್ಕೆ ಆಧಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶ. ಮಸ್ಕಿ ಇರುವುದು ಸುಮಾರು 76.65 ಡಿಗ್ರಿಯಲ್ಲಿ. ವ್ಯತ್ಯಾಸ 5.85, ನಾಲ್ಕರಿಂದ ಗುಣಿಸಿದರೆ 23 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಅಂದರೆ ಮಸ್ಕಿಯಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಸರಾಸರಿ 12.23ಕ್ಕೆ. ಫೆಬ್ರುವರಿ ನಡುವಿನಲ್ಲಿ ಅದು 12.37ರ ತನಕ ಹೋಗುತ್ತದೆ, ನವೆಂಬರ್ ಆರಂಭದಲ್ಲಿ 12.07ಕ್ಕೆ ಇಳಿಯುತ್ತದೆ. ಲಿಂಗಸುಗೂರಿಗಿಂತ ಸಿಂಧನೂರಿನಲ್ಲಿ ಸೂರ್ಯ ಸುಮಾರು ಒಂದು ನಿಮಿಷ ಮೊದಲು, ಬೆಂಗಳೂರಿನಲ್ಲಿ ಸಿಂಧನೂರಿಗಿಂತ ಮೂರು ನಿಮಿಷ ಮೊದಲು. ಬೆಂಗಳೂರಿನ ಇಫ್ತಾರ್ ವೇಳಾಪಟ್ಟಿಯನ್ನಾಗಲಿ ಪಂಚಾಂಗದ ಸೂರ್ಯೋದಯವನ್ನಾಗಲಿ ಇಲ್ಲಿ ಹಾಗೆಯೇ ಬಳಸಲು ಆಗದಿರುವುದು ಇದಕ್ಕೇ.

ಸಮಯವನ್ನು ಒಂದು ಮಾಡಿದ್ದು ರೈಲು. 1871ರಲ್ಲಿ ಬಾಂಬೆ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಬಾಂಬೆ ಸಮಯ ಜಿಎಂಟಿಗಿಂತ 4 ಗಂಟೆ 51 ನಿಮಿಷ ಮುಂದೆ, ಮದ್ರಾಸ್ ಸಮಯ 5 ಗಂಟೆ 21 ನಿಮಿಷ ಮುಂದೆ. ಒಂದೇ ಮಾರ್ಗದ ಎರಡು ತುದಿಗಳ ನಡುವೆ ಅರ್ಧ ಗಂಟೆಯ ಅಂತರ. ರೈಲ್ವೆ ಮದ್ರಾಸ್ ಸಮಯವನ್ನು ಆರಿಸಿಕೊಂಡಿತು. 1906ರ ಜನವರಿ 1ರಿಂದ ಬ್ರಿಟಿಷ್ ಸರ್ಕಾರ ಇಂದಿನ ಐದೂವರೆ ಗಂಟೆಯ ಸಮಯ ತಂದಾಗ ಬಾಂಬೆಯ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ಗಡಿಯಾರ 39 ನಿಮಿಷ ಮುಂದೆ ಹೋದರೆ ಅವರು ಅಷ್ಟು ಬೇಗ ಕತ್ತಲಲ್ಲೇ ಕೆಲಸಕ್ಕೆ ಬರಬೇಕಿತ್ತು. ಬಾಂಬೆ ನಗರ ತನ್ನ ಹಳೆಯ ಸಮಯವನ್ನು 1955ರವರೆಗೂ ಬಿಡಲಿಲ್ಲ.

ಜಗಳ ಇನ್ನೂ ಮುಗಿದಿಲ್ಲ. ಜೂನ್‌ನಲ್ಲಿ ಮಸ್ಕಿಯಲ್ಲಿ 6ಕ್ಕೆ ಸ್ವಲ್ಪ ಮುಂಚೆ ಬೆಳಗಾದರೆ ಗುವಾಹಟಿಯಲ್ಲಿ ನಾಲ್ಕೂವರೆಗೇ ಸೂರ್ಯ ಬಂದಿರುತ್ತಾನೆ. ಅಸ್ಸಾಮಿನ ಚಹಾ ತೋಟಗಳು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡೇ ಕೆಲಸ ಮಾಡಿಸುತ್ತವೆ. ದೇಶದ ಅಧಿಕೃತ ಸಮಯ ಕಾಯುವ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಎರಡು ಸಮಯ ವಲಯದ ಪ್ರಸ್ತಾವ ಮುಂದಿಟ್ಟರು. ಅದು ಜಾರಿಗೆ ಬಂದಿಲ್ಲ. ಒಂದು ದೇಶಕ್ಕೆ ಒಂದೇ ಸಮಯ ಅನುಕೂಲವೇ, ಆದರೆ ಆ ಅನುಕೂಲದ ಬೆಲೆ ಕೊಡುವವರು ಅಂಚಿನಲ್ಲಿರುವವರು.

ನಾವು ಮಾಡಬಹುದಾದದ್ದು

ಆನ್‌ಲೈನ್ ಸಭೆ, ಸಹಿ ಸಂಗ್ರಹ, ವಿದೇಶದಲ್ಲಿರುವ ಕನ್ನಡಿಗರ ಜೊತೆ ಸಂವಾದ ಏರ್ಪಡಿಸುವ ಗೆಳೆಯರು ಪೋಸ್ಟರ್‌ನಲ್ಲಿ ಬರೀ ‘ರಾತ್ರಿ 8.30’ ಅಂತ ಬರೆದು ಬಿಡಬೇಡಿ. ಡಿಸೆಂಬರ್‌ನ ಭಾನುವಾರವಾದರೆ ಹೀಗೆ ಬರೆಯಿರಿ: ಭಾರತ ರಾತ್ರಿ 8.30, ದುಬೈ ಸಂಜೆ 7, ಲಂಡನ್ ಮಧ್ಯಾಹ್ನ 3, ನ್ಯೂಯಾರ್ಕ್ ಬೆಳಗ್ಗೆ 10, ಸಿಡ್ನಿ ಸೋಮವಾರ ನಸುಕಿನ 2. ಒಂದೇ ಸಾಲು, ಆದರೆ ಸಿಡ್ನಿಯವರು ಯಾಕೆ ಬರಲಿಲ್ಲ ಅಂತ ಆಮೇಲೆ ಬೇಸರ ಪಡಬೇಕಿಲ್ಲ.

ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ, ಹಾಸ್ಟೆಲ್ ವಾರ್ಡನ್, ತಾಲೂಕಿನ ಇಲಾಖಾ ಕಚೇರಿ ವಿದೇಶಿ ಅರ್ಜಿಯ ಮಾಹಿತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುವಾಗ ಭಾರತದ ಸಮಯವನ್ನೂ ತಾರೀಖನ್ನೂ ಬರೆಯಲಿ ಅಂತ ಕೇಳೋಣ. ಇದಕ್ಕೆ ಬಜೆಟ್ ಬೇಡ, ಆದೇಶ ಬೇಡ, ಒಂದು ಪೆನ್ನು ಸಾಕು. ಅಲ್ಲಿಯವರೆಗೆ ಅರ್ಜಿ ಹಾಕುವವರಿಗೆ ಒಂದೇ ಮಾತು: ಫೋನಿನ ಗಡಿಯಾರದಲ್ಲಿ ‘ವಿಶ್ವ ಗಡಿಯಾರ’ ತೆರೆದು ಆ ಊರು ಸೇರಿಸಿ, ಮೇಲಿನ ಲೆಕ್ಕದಿಂದ ಒಮ್ಮೆ ಕೈಯಾರೆ ತಾಳೆ ನೋಡಿ, ಗಡುವಿಗಿಂತ ಒಂದು ದಿನ ಮೊದಲೇ ಕಳಿಸಿ. ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಯುಟಿಸಿ ನೋಡಿಕೊಂಡು ಬರೋದಿಲ್ಲ.